ಕಾಲ್-ಸೈಟ್ ಹಿಡಿಯಲೋ, ಆಬ್ಜೆಕ್ಟ್ ಹಿಡಿಯಲೋ?

ಪ್ರಶ್ನೆ: ಜಾವಾ ಪ್ರೋಗ್ರಾಮುಗಳಿಗೆ ಪಾಯಿಂಟರ್ ಅನಾಲಿಸಿಸ್ (ಯಾವ ವೇರಿಯಬಲ್ ಯಾವ ಆಬ್ಜೆಕ್ಟುಗಳನ್ನು ತೋರಿಸಬಹುದು ಅಂತ ಕೋಡ್ ಓಡಿಸದೇ ಲೆಕ್ಕ ಹಾಕೋದು) ಬರೆಯುತ್ತಿದ್ದೇನೆ. ಒಂದೇ ಮೆಥಡ್ಡನ್ನು ಹಲವು ಕಡೆಯಿಂದ ಕರೆದಾಗ ಮಾಹಿತಿ ಕಲಸಿಹೋಗಬಾರದು. ಒಂದು ಕರೆಯನ್ನು ಇನ್ನೊಂದರಿಂದ ಬೇರೆ ಇಡುವ ಗುರುತಾಗಿ, ಅಂದರೆ ಕಾಂಟೆಕ್ಸ್ಟ್ ಆಗಿ, ಕರೆದ ಸಾಲನ್ನು (ಕಾಲ್-ಸೈಟ್) ಹಿಡಿಯಲೋ, ಯಾವ ಆಬ್ಜೆಕ್ಟ್ ಮೇಲೆ ಕರೆದಿದೆಯೋ ಅದನ್ನೋ? ಜಾವಾಕ್ಕೆ ಆಬ್ಜೆಕ್ಟೇ ಹೆಚ್ಚು ನಿಖರ ಅಂತಾರೆ ನಮ್ಮ ಗೈಡ್. ಯಾವಾಗಲೂ ಹಾಗೇನಾ?
– ಎಂ.ಟೆಕ್. ವಿದ್ಯಾರ್ಥಿನಿ

ಉತ್ತರ: ಯಾವಾಗಲೂ ಅಲ್ಲ. ಗೈಡ್ ಹೇಳಿದ್ದು ಬಹುಪಾಲು ಸರಿ, ಆದರೆ ಒಂದು ಇನ್ನೊಂದನ್ನು ಪೂರ್ತಿ ಮೀರಿಸೋದಿಲ್ಲ.

ಸುಮ್ನೆ ಒಂದು ಪುಟ್ಟ ಕೋಡ್ ಬರೆದು ನೋಡಿ. 'ಡಬ್ಬಿ' ಅಂತ ಒಂದು ಕ್ಲಾಸ್, ಅದರ ಕನ್‌ಸ್ಟ್ರಕ್ಟರ್ ಒಳಗಿಂದಲೇ 'ಸೆಟ್' ಮೆಥಡ್ಡನ್ನು ಕರೆಯುತ್ತೆ. ಎರಡು ಡಬ್ಬಿ ಮಾಡಿ, ಒಂದಕ್ಕೆ ಸ್ಟ್ರಿಂಗ್, ಇನ್ನೊಂದಕ್ಕೆ ಇಂಟಿಜರ್ ಹಾಕಿ. 'ಸೆಟ್' ಕರೆಯುವ ಸಾಲು ಇರೋದು ಒಂದೇ ಅಲ್ವಾ? ಹಾಗಾಗಿ ಒಂದು ಹಂತದ, ಅಂದರೆ ಕೊನೆಯ ಕರೆಯನ್ನಷ್ಟೇ ನೋಡುವ ಕಾಲ್-ಸೈಟ್ ಎರಡನ್ನೂ ಕಲಸಿ, ಸ್ಟ್ರಿಂಗ್ ಡಬ್ಬಿಯಲ್ಲೂ ಇಂಟಿಜರ್ ಇರಬಹುದು ಅನ್ನುತ್ತೆ. ಆಬ್ಜೆಕ್ಟ್ ಹಿಡಿದರೆ ಈ ಗೊಂದಲವಿಲ್ಲ, ಯಾಕೆಂದರೆ ಡಬ್ಬಿಗಳು ಹುಟ್ಟಿದ್ದು ಎರಡು ಬೇರೆ 'ನ್ಯೂ' ಸಾಲುಗಳಲ್ಲಿ, ಆಬ್ಜೆಕ್ಟನ್ನು ಗುರುತಿಸೋದೇ ಆ ಸಾಲಿನಿಂದ. ಈಗ ಒಂದೇ ಆಬ್ಜೆಕ್ಟ್ ಮೇಲೆ, ಕೊಟ್ಟಿದ್ದನ್ನೇ ವಾಪಸ್ ಕೊಡುವ ಮೆಥಡ್ಡನ್ನು ಎರಡು ಸಾಲುಗಳಲ್ಲಿ, ಬೇರೆ ಬೇರೆ ಮೌಲ್ಯ ಕೊಟ್ಟು ಕರೆಯಿರಿ. ಆಬ್ಜೆಕ್ಟ್ ಸೋಲುತ್ತೆ, ಕಾಲ್-ಸೈಟ್ ಗೆಲ್ಲುತ್ತೆ. ಸ್ಟ್ಯಾಟಿಕ್ ಮೆಥಡ್ಡಿಗಂತೂ ಹಿಡಿಯಲು ಆಬ್ಜೆಕ್ಟೇ ಇಲ್ಲ, ಅದಕ್ಕೇ 2013ರಲ್ಲಿ ಕಾಸ್ಟ್ರಿನಿಸ್ ಮತ್ತು ಸ್ಮರಗ್ಡಾಕಿಸ್ ಎಂಬ ಸಂಶೋಧಕರು ಎರಡನ್ನೂ ಬೆರೆಸಿದ ವಿಧಾನ ತಂದರು.

ಕಾಲ್-ಸೈಟ್ ದಾರಿ ಹಳೆಯದು, 1981ರಲ್ಲೇ ಶರೀರ್ ಮತ್ತು ಪ್ನುಯೆಲಿ ಬರೆದಿದ್ದರು. ಆಬ್ಜೆಕ್ಟ್ ದಾರಿ 2002ರದು, ಮಿಲನೋವಾ, ರೌಂಟೆವ್, ರೈಡರ್ ಅವರದು. 2006ರಲ್ಲಿ ಲೋಟಾಕ್ ಮತ್ತು ಹೆಂಡ್ರೆನ್ ಜಾವಾ ಪ್ರೋಗ್ರಾಮುಗಳ ಮೇಲೆ ಹೋಲಿಸಿ ನೋಡಿದಾಗ ಆಬ್ಜೆಕ್ಟೇ ಮುಂದಿತ್ತು. ನಿಮ್ಮ ಗೈಡ್ ಮಾತಿನ ಬೇರು ಬಹುಶಃ ಅಲ್ಲಿದೆ. ಆದರೆ 2022ರಲ್ಲಿ ಜಿಯಾನ್ ಮತ್ತು ಓ, ಕರೆಗಳಲ್ಲಿ ಮುಖ್ಯವಾದವನ್ನು ಮಾತ್ರ ಆರಿಸಿ ಕಾಂಟೆಕ್ಸ್ಟಲ್ಲಿ ಉಳಿಸಿಕೊಂಡರೆ ಕಾಲ್-ಸೈಟ್ ಮೇಲುಗೈ ಸಾಧಿಸಬಲ್ಲದು ಎಂದು ತೋರಿಸಿದರು. ವಾದ ಇನ್ನೂ ಮುಗಿದಿಲ್ಲ.

ನೀವು ಹೋಲಿಸುವಾಗ ಒಂದನ್ನು ಮಾತ್ರ ದಯವಿಟ್ಟು ಮರೆಯಬೇಡಿ: ಎರಡೂ ಕಡೆ ಕಾಂಟೆಕ್ಸ್ಟಿನ ಆಳ (ಎಷ್ಟು ಹಂತ ನೆನಪಿಡುತ್ತೀರಿ ಅನ್ನೋದು), ಹೀಪ್ ಆಬ್ಜೆಕ್ಟುಗಳನ್ನು ('ನ್ಯೂ' ಇಂದ ಹುಟ್ಟಿದವನ್ನು) ಗುರುತಿಸುವ ರೀತಿ, ರಿಫ್ಲೆಕ್ಷನ್ (ಕ್ಲಾಸ್, ಮೆಥಡ್ಡುಗಳನ್ನು ಓಡುವಾಗ ಹೆಸರಿನಿಂದ ಹುಡುಕಿ ಕರೆಯೋದು) ನಿಭಾಯಿಸುವ ರೀತಿ ಒಂದೇ ಇರಲಿ. ರಿಫ್ಲೆಕ್ಷನ್ ಬಿಟ್ಟುಬಿಟ್ಟ ಅನಾಲಿಸಿಸ್ ನಿಖರವಾಗಿ ಕಾಣುವುದು ಅರ್ಧ ಕೋಡ್ ನೋಡದೇ ಇರುವುದರಿಂದಲೂ ಇರಬಹುದು. ಇನ್ನೊಂದು, ಪಾಯಿಂಟ್ಸ್-ಟು ಸೆಟ್ಟಿನ (ಒಂದು ವೇರಿಯಬಲ್ ತೋರಿಸಬಹುದಾದ ಆಬ್ಜೆಕ್ಟುಗಳ ಪಟ್ಟಿಯ) ಸರಾಸರಿ ಗಾತ್ರವನ್ನು ಕಾಂಟೆಕ್ಸ್ಟ್ ಸಮೇತ ಲೆಕ್ಕ ಹಾಕಬೇಡಿ, ಕಾಂಟೆಕ್ಸ್ಟ್ ಜಾಸ್ತಿಯಾದಷ್ಟೂ ಒಂದೇ ವೇರಿಯಬಲ್ ನೂರು ಸಲ ಎಣಿಕೆಗೆ ಬರುತ್ತೆ. ಫೇಲ್ ಆಗಬಹುದಾದ ಕಾಸ್ಟುಗಳು (ಟೈಪ್ ಬದಲಿಸುವ ಸಾಲುಗಳು) ಎಷ್ಟು, ಒಂದೇ ಗುರಿಗೆ, ಅಂದರೆ ಒಂದೇ ಮೆಥಡ್ಡಿಗೆ, ಇಳಿಸಲಾಗದ ಕರೆಗಳು ಎಷ್ಟು, ಅದನ್ನು ಎಣಿಸಿ. ಆಮೇಲೆ ಉಳಿದ ಕಾಸ್ಟುಗಳಲ್ಲಿ ಒಂದು ಹತ್ತನ್ನು ಆರಿಸಿ, ಯಾವ ಮೆಥಡ್ಡಲ್ಲಿ ಕಲಸಿತು ಅಂತ ಕೋಡ್ ತೆರೆದು ಓದಿ. ನಿಮ್ಮ ಪ್ರೋಗ್ರಾಮಿಗೆ ಯಾವುದು ಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತೆ.