ಜಂಗ್‌ಹ್ವಾನ್‌ಗೆ ಮೋಸ ಆಯಿತಾ? ನನಗೇನೋ ಹಾಗನ್ನಿಸಲಿಲ್ಲ

ಕೊರಿಯನ್ ಧಾರಾವಾಹಿ ‘ರಿಪ್ಲೈ 1988’ರಲ್ಲಿ ನಾಯಕಿ ದೊಕ್‌ಸನ್ ಕೊನೆಗೆ ಗೆಳೆಯ ತೇಕ್‌ನನ್ನು ಒಪ್ಪಿಕೊಂಡದ್ದು ದಿಢೀರ್ ಅನ್ನಿಸಲಿಲ್ಲವಾ, ಅವಳನ್ನು ಪ್ರೀತಿಸುತ್ತಿದ್ದ ಇನ್ನೊಬ್ಬ ಗೆಳೆಯ ಜಂಗ್‌ಹ್ವಾನ್‌ಗೆ ಮೋಸ ಅಲ್ವಾ ಅಂತ ಕೇಳಿದ್ದೀರಿ. ಮೊದಲ ಸಲ ನೋಡಿದಾಗ ನಾನೂ ಸಿಟ್ಟಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದೆ! ಆದರೆ 18ನೇ ಕಂತನ್ನು ಇನ್ನೊಮ್ಮೆ ನೋಡಿ. ಜಂಗ್‌ಹ್ವಾನ್ ಅವಳಿಗಾಗಿ ಕಾರು ಓಡಿಸಿಕೊಂಡು ಬರುತ್ತಾನೆ, ದಾರಿಯಲ್ಲೆಲ್ಲ ಕೆಂಪು ಸಿಗ್ನಲ್, ಅಷ್ಟರಲ್ಲಿ ತೇಕ್ ತನ್ನ ಬಾದುಕ್ (ಕಪ್ಪು-ಬಿಳಿ ಕಾಯಿಗಳ ‘ಗೋ’ ಆಟ) ಪಂದ್ಯವನ್ನೇ ಬಿಟ್ಟು ಬಂದು ಅವಳ ಮುಂದೆ ನಿಂತಿರುತ್ತಾನೆ. ತಪ್ಪು ಸಿಗ್ನಲ್‌ನದ್ದಲ್ಲ, ತನ್ನ ಹಿಂಜರಿಕೆಯದು ಅಂತ ಜಂಗ್‌ಹ್ವಾನ್ ತಾನೇ ಒಪ್ಪಿಕೊಳ್ಳುತ್ತಾನೆ. ಆಮೇಲೆ ಮನಸ್ಸಿನಲ್ಲಿದ್ದದ್ದನ್ನು ಹೇಳಿದಾಗಲೂ ತಮಾಷೆ ಅಂತ ತೇಲಿಸಿಬಿಡುತ್ತಾನೆ, ಪಾಪ.

ನಿಮ್ಮ ಮಾತಿನಲ್ಲೂ ನಿಜ ಇದೆ. ದೊಕ್‌ಸನ್ ಮನಸ್ಸು ತೇಕ್ ಕಡೆ ವಾಲಿದ್ದನ್ನು ಕಥೆ ಬೇಕಂತಲೇ ಮುಚ್ಚಿಡುತ್ತದೆ, ಮುಂದೆ ಅವಳ ಗಂಡ ಆಗುವವನು ಯಾರು ಅನ್ನುವ ಒಗಟಿಗಾಗಿ. ಅದು ನನಗೂ ಜಾಸ್ತಿ ಆಯಿತು ಅನ್ನಿಸಿತು. ಆದರೆ ಮೊದಲ ಕಂತಿನಲ್ಲಿ, ಅಕ್ಕನ ಹುಟ್ಟುಹಬ್ಬದ ಜೊತೆಗೇ ತನ್ನದನ್ನೂ ಮುಗಿಸುತ್ತಾರೆ ಅಂತ ಅತ್ತವಳಿಗೆ ಅಪ್ಪ ಪುಟ್ಟ ಕೇಕ್ ತಂದು ಕ್ಷಮೆ ಕೇಳುವ ದೃಶ್ಯ ಇದೆಯಲ್ಲ, ನಾನು ಮತ್ತೆ ಮತ್ತೆ ಹಾಕಿ ನೋಡುವುದು ಅದನ್ನೇ. ಮದುವೆ ಯಾರ ಜೊತೆಗಾದರೂ ಆಗಲಿ.