ವೈಟ್ ಟರ್ನ್ ಅಲ್ಲ ಅಣ್ಣಾ, ಕೊಕ್ಕು ನೋಡಿ

ಅಣ್ಣಾ, ಜನವರಿಯಲ್ಲಿ ಕೆಆರ್‌ಎಸ್ ಹಿನ್ನೀರಲ್ಲಿ ತೆಗೆದ ಹಕ್ಕಿಯ ಫೋಟೋ ಹಾಕಿ "ಇದು ವೈಟ್ ಟರ್ನ್ ಅಲ್ವಾ? ಪುಸ್ತಕದಲ್ಲಿ ಒಂದೇ ಜಾತಿ ಇದೆ, ಆ್ಯಪ್‌ನಲ್ಲಿ ಮೂರು ಬರುತ್ತೆ" ಅಂತ ಕೇಳಿದ್ದೀರಿ. ಅದು ವೈಟ್ ಟರ್ನ್ ಅಲ್ಲ. ಮೀಸೆ ರೀವ, ಅಂದರೆ ವಿಸ್ಕರ್ಡ್ ಟರ್ನ್ (ಟರ್ನ್ ಹಕ್ಕಿಗೆ ಕನ್ನಡದಲ್ಲಿ ರೀವ ಅಂತಾರೆ). ಫೋಟೋ ಸ್ವಲ್ಪ ಹಿಗ್ಗಿಸಿ ನೋಡಿ. ಕಣ್ಣಿನಿಂದ ಹಿಂದಕ್ಕೆ ಕಪ್ಪು ಪಟ್ಟೆ ಇದೆ, ಕೊಕ್ಕು ಕಪ್ಪು, ಗಿಡ್ಡ, ಬೆನ್ನು ಬೂದು, ಬಾಲದ ಸೀಳು ಇದ್ದೂ ಇಲ್ಲದ ಹಾಗೆ. ನಮ್ಮ ಕಡೆ ಚಳಿಗಾಲದಲ್ಲಿ ಕೆರೆ ಮೇಲೆ ಬಗ್ಗಿ ಬಗ್ಗಿ ನೀರಿನ ಮೇಲ್ಮೈಯಿಂದಲೇ ಹುಳ, ಮೀನು ಎತ್ತಿಕೊಳ್ಳೋದು ಇದೇ.

ರಂಗನತಿಟ್ಟಲ್ಲಿ ದೋಣಿಯಿಂದ ಕಾಣೋದು ಬೇರೆ, ಅದು ನದಿ ರೀವ. ಹಳದಿ ಕೊಕ್ಕು, ಕೆಂಪು ಕಾಲು, ಬೇಸಿಗೆಯಲ್ಲಿ ಬಂಡೆ ಮೇಲೇ ಮೊಟ್ಟೆ ಇಡುತ್ತೆ, ಸುಮ್ನೆ ಹತ್ತಿರ ಹೋಗಬೇಡಿ.

ನಿಜವಾದ ವೈಟ್ ಟರ್ನ್ ಸಮುದ್ರದ ದ್ವೀಪಗಳದ್ದು, ನಮಗೆ ಹತ್ತಿರ ಅಂದರೆ ಮಾಲ್ಡೀವ್ಸಿನ ಅಡ್ಡು. ಮೈಯೆಲ್ಲ ಬಿಳಿ, ಕಣ್ಣಿನ ಸುತ್ತ ಕಪ್ಪು ಬಳೆ ಇರೋದರಿಂದ ಕಣ್ಣು ಇನ್ನೂ ದೊಡ್ಡದಾಗಿ ಕಾಣುತ್ತೆ. ಗೂಡು ಕಟ್ಟೋ ತಂಟೆಯೇ ಇಲ್ಲ, ಬರಿ ಕೊಂಬೆಯ ಸಣ್ಣ ಗುಳಿಯಲ್ಲಿ ಒಂದೇ ಮೊಟ್ಟೆ! ಮರಿ ಹುಟ್ಟಿದ ಕೂಡಲೇ ಹಿಡಿದು ಕೂರಲು ಗಟ್ಟಿ ಉಗುರು ಇರುತ್ತೆ.

ಇನ್ನು ಮೂರು ಹೆಸರಿನ ವಿಷಯ. ಹಿಂದೆ ವೈಟ್ ಟರ್ನ್ ಎಲ್ಲವನ್ನೂ ಗೈಗಿಸ್ ಆಲ್ಬಾ ಅನ್ನೋ ವೈಜ್ಞಾನಿಕ ಹೆಸರಲ್ಲಿ ಒಂದೇ ಜಾತಿಗೆ ಸೇರಿಸಿದ್ದರು. ಈಚೆಗೆ ಮೂರು ಮಾಡಿದ್ದಾರೆ: ಅಟ್ಲಾಂಟಿಕ್‌ನದಕ್ಕೆ ಆಲ್ಬಾ ಉಳಿಯಿತು, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನದು, ಬುಡ ನೀಲಿ ಇರೋ ಕೊಕ್ಕಿನದು, ಗೈಗಿಸ್ ಕ್ಯಾಂಡಿಡಾ. ಪೆಸಿಫಿಕ್‌ನಲ್ಲೇ ಇರೋ ಮಾರ್ಕ್ವೆಸಾಸ್ ದ್ವೀಪಗಳ ಪುಟ್ಟದು ಗೈಗಿಸ್ ಮೈಕ್ರೋರಿಂಕಾ, ತೆಳ್ಳಗಿನ ಕಪ್ಪು ಕೊಕ್ಕು. ಇದನ್ನು 1876ರಲ್ಲೇ ಬೇರೆ ಜಾತಿ ಅಂತ ವರ್ಣಿಸಿದ್ದರು, ಆಮೇಲೆ ಸುಮಾರು ಜನ ಒಟ್ಟಿಗೆ ಸೇರಿಸಿಬಿಟ್ಟರು. ಹಾಗಾಗಿ ಹೊಸ ಕಥೆ ಏನಲ್ಲ.

ಇನ್ನೊಂದು ವಿಚಿತ್ರ ಅಂದರೆ ಡಿಎನ್‌ಎ ನೋಡಿದಾಗ ವೈಟ್ ಟರ್ನ್‌ಗಳು ರೀವಗಳ ಒಳಗೆ ಬರೋದೇ ಇಲ್ಲ, ಕಡಲಕಾಗೆ, ರೀವ ಎಲ್ಲ ಇರೋ ಲಾರಿಡೇ ಕುಟುಂಬದಲ್ಲಿ ತುಂಬಾ ಹಿಂದೆಯೇ ಬೇರೆಯಾದ ಕವಲು ಅದು. ನಾಡಿ ಅನ್ನೋ ಕಪ್ಪು ಕಡಲಹಕ್ಕಿಗಳೂ ಹಾಗೇ. ಹೆಚ್ಚಿನ ರೀವಗಳಿದ್ದ ಹಳೇ ಸ್ಟರ್ನಾ ಕುಲವನ್ನೂ ಒಡೆದು ಹಲವು ಮಾಡಿದರು. ಆದರೂ ನಮ್ಮ ನದಿ ರೀವ ಇನ್ನೂ ಸ್ಟರ್ನಾದಲ್ಲೇ ಇದೆ.

ನಿಮ್ಮ ಹಕ್ಕಿಗಳ ಲಿಸ್ಟ್‌ನಲ್ಲಿ ಕೆಆರ್‌ಎಸ್ ಎಂಟ್ರಿಯನ್ನ ಮೀಸೆ ರೀವ ಅಂತ ಬದಲಾಯಿಸಿ. ಏಪ್ರಿಲ್‌ನಲ್ಲಿ ಹೋದರೆ ಹುಷಾರು, ಇದೇ ಮೀಸೆ ರೀವಕ್ಕೆ ಆಗ ಕಪ್ಪು ಟೋಪಿ, ಬೂದು ಹೊಟ್ಟೆ, ಕೆಂಪು ಕೊಕ್ಕು ಬಂದಿರುತ್ತೆ, ಜಾಸ್ತಿ ಜನ ಬೇರೆ ಹಕ್ಕಿ ಅಂದುಕೊಳ್ಳುತ್ತಾರೆ.