ಮೊದಲು ಹೊಟ್ಟೆ ಕರಗಿಸಿ ಆಮೇಲೆ ಮಸಲ್ ಬೆಳೆಸಬೇಕಾ?

ನಿಮ್ಮ ಪತ್ರ ಓದಿದೆ: ತೂಕ 80 ಕೆಜಿ, ಹೊಟ್ಟೆ ಮುಂದಿದೆ, ಕೈಕಾಲು ಸಣ್ಣ, ಜಿಮ್ ಸೇರಿ ನಾಲ್ಕು ತಿಂಗಳು. ಈಗ ಮೊದಲು ಹತ್ತು ಕೆಜಿ ಇಳಿಸಿಕೊಂಡು ಆಮೇಲೆ ಮಸಲ್ ಕಡೆ ನೋಡೋಣ ಅಂತಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಅದನ್ನೇ ಮಾಡಿದ್ದೆ. ತೂಕ ಇಳಿಯಿತು, ಹೊಟ್ಟೆ ಇಳಿಯಲಿಲ್ಲ.

ನನ್ನ ಮೈಕಟ್ಟೂ ನಿಮ್ಮ ಥರದ್ದೇ. ಅಂಗಿ ಹಾಕಿಕೊಂಡರೆ ತೆಳ್ಳಗೆ ಕಾಣುತ್ತಿದ್ದೆ, ಬಿಚ್ಚಿದರೆ ಸೊಂಟದ ಸುತ್ತ ಬೊಜ್ಜು. ಜಿಮ್ ಸೇರಿದ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಹೋಯಿತು. ಕೂತೇಳುವ ಸ್ಕ್ವಾಟ್, ಮಲಗಿ ತಳ್ಳುವ ಬೆಂಚ್ ಪ್ರೆಸ್, ಬಗ್ಗಿ ಎಳೆಯುವ ರೋ, ನೆಲದಿಂದ ಎತ್ತುವ ಡೆಡ್‌ಲಿಫ್ಟ್, ಎಲ್ಲದರಲ್ಲೂ ಬಾರ್‌ಗೆ ಸ್ವಲ್ಪ ಸ್ವಲ್ಪವೇ ತೂಕದ ಪ್ಲೇಟ್ ಸೇರುತ್ತಾ ಬಂತು. ಹೊಸಬರಿಗೆ ಇದು ಸಹಜ. ಶುರುವಿನ ವಾರಗಳಲ್ಲಿ ಇರುವ ಮಸಲನ್ನೇ ಪೂರ್ತಿ ಬಳಸೋದನ್ನು ನರಗಳು ಕಲಿಯುತ್ತವೆ, ಅದರ ಹಿಂದೆಯೇ ಮಸಲ್ ಕೂಡ ನಿಧಾನಕ್ಕೆ ಸೇರುತ್ತದೆ. ಸ್ಕ್ವಾಟ್‌ನಲ್ಲಿ 70 ಕೆಜಿಗೆ ಎಂಟು ರೆಪ್ಸ್, ಅಂದರೆ ಒಂದೇ ಸಮನೆ ಎಂಟು ಸಲ, ಬರುತ್ತಿತ್ತು. ಅಲ್ಲಿ ಸುಮ್ನೆ ಇದ್ದಿದ್ದರೆ ಸಾಕಿತ್ತು.

ಆದರೆ ಹೊಟ್ಟೆ ಕರಗುತ್ತಿಲ್ಲ ಎಂಬ ಚಡಪಡಿಕೆ. ಜಿಮ್‌ನಲ್ಲಿ ನನಗಿಂತ ಹಳಬರೊಬ್ಬರಿದ್ದರು, ಒಳ್ಳೆ ಮೈಕಟ್ಟು. ಅವರನ್ನು ಕೇಳಿದೆ. "ಕಟಿಂಗ್ ಮಾಡುವಾಗ ಭಾರ ಎತ್ತಬಾರದು. ವೇಟ್ ಕಮ್ಮಿ, ರೆಪ್ಸ್ ಜಾಸ್ತಿ. ಆಗಲೇ ಮಸಲ್ ಶೇಪಿಗೆ ಬರೋದು" ಅಂದರು. ಕಟಿಂಗ್ ಅಂದರೆ ಊಟ ಕಡಿಮೆ ಮಾಡಿ ಕೊಬ್ಬು ಇಳಿಸೋದು. ಹಳಬರ ಈ ಮಾತು ನಿಮ್ಮ ಕಿವಿಗೂ ಬಿದ್ದೇ ಇರುತ್ತದೆ. ಎಲ್ಲ ಜಿಮ್‌ಗಳಲ್ಲೂ ಒಬ್ಬರು ಹೇಳುತ್ತಾರೆ. ಹೇಳುವವರ ಮೈ ಚೆನ್ನಾಗಿರುತ್ತದೆ ಬೇರೆ, ನಂಬದೇ ಇರೋದು ಹೇಗೆ?

70 ಇದ್ದ ಬಾರನ್ನು 40ಕ್ಕೆ ಇಳಿಸಿದೆ. ಎಂಟರ ಬದಲು ಇಪ್ಪತ್ತು ರೆಪ್ಸ್. ಎಲ್ಲ ವ್ಯಾಯಾಮಕ್ಕೂ ಇದೇ ಲೆಕ್ಕ. ಅದಕ್ಕೂ ಮೊದಲು ಟ್ರೆಡ್‌ಮಿಲ್ ಮೇಲೆ ಒಂದು ದೊಡ್ಡ ಓಟ. ಊಟ ಹೆಚ್ಚುಕಮ್ಮಿ ಅರ್ಧ ಮಾಡಿದೆ, ಪ್ರೋಟೀನ್ ಎಷ್ಟು ತಿನ್ನುತ್ತಿದ್ದೇನೆ ಅಂತ ನೋಡಲೇ ಇಲ್ಲ. ಬೆವರು ಧಾರಾಕಾರ, ತೊಡೆ ಉರಿ, ಉಸಿರಿಗೆ ಒದ್ದಾಟ. ಹಿಂದೆಂದಿಗಿಂತ ಜಾಸ್ತಿ ಕಷ್ಟಪಡುತ್ತಿದ್ದೇನೆ ಅನ್ನಿಸಿತು. ತೂಕದ ಯಂತ್ರವೂ ಪ್ರತಿವಾರ ಬೆನ್ನು ತಟ್ಟುತ್ತಿತ್ತು.

ಕೆಲವು ತಿಂಗಳಾದ ಮೇಲೆ ಪ್ಯಾಂಟ್ ತೊಡೆಯ ಹತ್ತಿರ ಜೋಲಾಡಲು ಶುರುವಾಯಿತು. ಅಂಗಿಯ ಭುಜದ ಹೊಲಿಗೆ ತೋಳಿನ ಮೇಲೆ ಬಂದು ಕೂತಿತು. ಸೊಂಟದ ಗುಂಡಿ ಮಾತ್ರ ಮೊದಲಿನಷ್ಟೇ ಬಿಗಿ, ಒಂದು ಬೆರಳು ಹೋದರೆ ಹೆಚ್ಚು. "ಕಟಿಂಗ್ ಮುಗೀತು, ಈಗ ಮತ್ತೆ ಭಾರ" ಎಂದು ಬಾರ್‌ಗೆ 60 ಹಾಕಿದೆ. ನಾಲ್ಕನೇ ರೆಪ್‌ಗೆ ಮೇಲೇಳಲು ಆಗಲಿಲ್ಲ.

ಎಲ್ಲಿ ಎಡವಿದೆ ಎಂಬುದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ಯಾಕೆಂದರೆ "ಲೈಟ್ ವೇಟ್ ಕೆಟ್ಟದ್ದು" ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಅದೂ ಸುಳ್ಳೇ. ಹಗುರ ತೂಕದಿಂದಲೂ ಮಸಲ್ ಬೆಳೆಯುತ್ತದೆ. ಇಪ್ಪತ್ತೈದು, ಮೂವತ್ತು ರೆಪ್ಸ್ ಮಾಡಿದರೂ ಬೆಳೆಯುತ್ತದೆ. ಆದರೆ ಕೊನೆಯ ರೆಪ್ಸ್ ಬರುವಾಗ ಬಾರ್ ತಾನಾಗಿಯೇ ನಿಧಾನ ಆಗಬೇಕು, ಇನ್ನು ಒಂದೆರಡು ಮಾತ್ರ ಸಾಧ್ಯ ಅನ್ನುವ ಹಂತ ಮುಟ್ಟಬೇಕು. ನಾನು ಮುಟ್ಟುತ್ತಿರಲಿಲ್ಲ. ಇಪ್ಪತ್ತು ಅಂತ ಎಣಿಸಿ ಬಾರ್ ಇಡುತ್ತಿದ್ದೆ. ಉರಿ ತಾಳದೆ ಇಡುತ್ತಿದ್ದೆ, ಶಕ್ತಿ ಮುಗಿದು ಅಲ್ಲ. ಎರಡೂ ಬೇರೆ ಬೇರೆ. ಮೈಯಲ್ಲಿ ಇನ್ನೂ ಎಷ್ಟೋ ರೆಪ್ಸ್ ಉಳಿದಿರುತ್ತಿದ್ದವು. ಹಾಗಾಗಿ ದೊಡ್ಡ ಮಸಲ್ ನಾರುಗಳಿಗೆ ಕೆಲಸವೇ ಸಿಗಲಿಲ್ಲ.

ಇದೇ ಹೊತ್ತಿಗೆ ಊಟ ಅರ್ಧ. ದುಡ್ಡಿಗೆ ಕಷ್ಟ ಬಂದ ಮನೆಯಲ್ಲಿ ಮೊದಲು ಮಾರೋದು ಬಳಸದೆ ಮೂಲೆಗಿಟ್ಟ ಸಾಮಾನನ್ನೇ, ಅಲ್ವಾ? ಮೈಯ ವ್ಯವಹಾರವೂ ಅದೇ. ಮಸಲನ್ನು ಇಟ್ಟುಕೊಳ್ಳೋದಕ್ಕೆ ಪ್ರೋಟೀನ್ ಬೇಕು, ಕ್ಯಾಲೊರಿ ಬೇಕು. ಅದಕ್ಕೆ ಕೆಲಸ ಇದೆ ಎಂದು ವಾರಕ್ಕೆ ಎರಡು ಮೂರು ಸಲ ತೋರಿಸದಿದ್ದರೆ ಮೈ ಅದನ್ನು ಬಿಟ್ಟುಕೊಡುತ್ತದೆ. 70 ಕೆಜಿ ಎತ್ತುವಂತೆ ಕಟ್ಟಿಕೊಂಡ ಕಾಲಿಗೆ ಈಗ 40 ಕೆಜಿಯ ಕೆಲಸ. ಮಿಕ್ಕಿದ್ದನ್ನು ಯಾಕೆ ಸಾಕಬೇಕು?

ನಿಜವಾಗಿ ನನಗೆ ದುಬಾರಿಯಾದದ್ದು ಇದೂ ಅಲ್ಲ. ಪ್ಲೇಟ್ ತೆಗೆದಾಗ ಮಸಲ್‌ಗೆ ಕೊಡುವ ಕೆಲಸದ ಜೊತೆ ಮಸಲ್ ಇದೆಯೋ ಇಲ್ಲವೋ ಎಂದು ಹೇಳುವ ಅಳತೆಯನ್ನೂ ನಾನೇ ಕಿತ್ತು ಹಾಕಿದ್ದೆ. 70 ಹಾಕುತ್ತಲೇ ಇದ್ದಿದ್ದರೆ ಎಂಟು ರೆಪ್ಸ್ ಆರಾದಾಗ ಗೊತ್ತಾಗುತ್ತಿತ್ತು, ಐದಾದಾಗ ಭಯ ಆಗುತ್ತಿತ್ತು, ಆಗಲೇ ಊಟ ಜಾಸ್ತಿ ಮಾಡುತ್ತಿದ್ದೆ. 40 ಕೆಜಿಗೆ ಇಪ್ಪತ್ತು ರೆಪ್ಸ್ ಕೊನೆಯವರೆಗೂ ಬರುತ್ತಲೇ ಇತ್ತು. ಒಳಗೆ ಮಸಲ್ ಹೋಗುತ್ತಿದ್ದರೂ ಆ ಸಂಖ್ಯೆ ಅಲುಗಾಡಲಿಲ್ಲ. ಉಳಿದದ್ದು ತೂಕದ ಯಂತ್ರ ಒಂದೇ. ಅದಕ್ಕೆ ಕೊಬ್ಬು, ಮಸಲ್, ನೀರು, ಹೊಟ್ಟೆಯಲ್ಲಿರುವ ಊಟ ಎಲ್ಲವೂ ಒಂದೇ. ಮಸಲ್ ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್ (ಮೈ ಶೇಖರಿಸಿಡುವ ಸಕ್ಕರೆ) ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರ ಸರಕ್ಕನೆ ಇಳಿಯುವ ತೂಕದಲ್ಲಿ ಬಹುಪಾಲು ಇದೇ. ನಾನು ಅದನ್ನೂ ಕೊಬ್ಬು ಎಂದು ಖುಷಿಪಟ್ಟಿದ್ದೆ.

ಈಗ ನಿಮ್ಮ ಪ್ರಶ್ನೆ. "ಯಾವುದು ಮೊದಲು" ಅನ್ನೋದೇ ನಿಮಗೆ ಸಂಬಂಧಪಡದ ಪ್ರಶ್ನೆ. ಅದು ವರ್ಷಗಟ್ಟಲೆ ತರಬೇತಿ ಮಾಡಿ, ಈಗಾಗಲೇ ಕೊಬ್ಬು ತೀರಾ ಕಡಿಮೆ ಇರುವವರ ತಲೆನೋವು. ಅವರಿಗೆ ಎರಡೂ ಒಟ್ಟಿಗೆ ಆಗೋದು ನಿಜವಾಗಿಯೂ ಕಷ್ಟ. ನೀವು ಹೊಸಬರು, ಮೈಮೇಲೆ ಕೊಬ್ಬಿದೆ. ಎರಡೂ ಒಟ್ಟಿಗೆ ಆಗಲು ಇದಕ್ಕಿಂತ ಒಳ್ಳೆ ಸ್ಥಿತಿ ಮುಂದೆ ಸಿಗಲ್ಲ. ಕೊಬ್ಬು ಕರಗಿ ಮಸಲ್ ಆಗುತ್ತದೆ ಎಂದಲ್ಲ, ಅವೆರಡೂ ಬೇರೆಯೇ. ಆದರೆ ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಮಸಲ್ ಕಟ್ಟಲು ಬೇಕಾದ ಶಕ್ತಿಯಲ್ಲಿ ಒಂದು ಪಾಲು ಅಲ್ಲಿಂದಲೇ ಬರಬಹುದು. ಸಾಮಗ್ರಿ, ಅಂದರೆ ಪ್ರೋಟೀನ್, ಮಾತ್ರ ತಟ್ಟೆಯಿಂದಲೇ ಬರಬೇಕು.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಓದಿದಾಗ ನನಗೆ ಹೊಟ್ಟೆ ಉರಿಯಿತು. ತೂಕ ಜಾಸ್ತಿ ಇದ್ದ 40 ಯುವಕರ ಕ್ಯಾಲೊರಿಯನ್ನು ನಾಲ್ಕು ವಾರ ಶೇ. 40ರಷ್ಟು ಕಡಿತ ಮಾಡಿ, ವಾರಕ್ಕೆ ಆರು ದಿನ ಕಠಿಣ ತರಬೇತಿ ಕೊಟ್ಟರು. ಅರ್ಧ ಜನಕ್ಕೆ ದಿನಕ್ಕೆ ತೂಕದ ಪ್ರತಿ ಕೆಜಿಗೆ 1.2 ಗ್ರಾಂ ಪ್ರೋಟೀನ್, ಇನ್ನರ್ಧಕ್ಕೆ 2.4 ಗ್ರಾಂ. ಜಾಸ್ತಿ ಪ್ರೋಟೀನ್ ತಿಂದವರಿಗೆ ಸರಾಸರಿ 4.8 ಕೆಜಿ ಕೊಬ್ಬು ಇಳಿದು, ಕೊಬ್ಬಿಲ್ಲದ ಮೈತೂಕ 1.2 ಕೆಜಿ ಏರಿತು. ಇನ್ನೊಂದು ಗುಂಪಿನಲ್ಲಿ ಕೊಬ್ಬು 3.5 ಕೆಜಿ ಇಳಿಯಿತು, ಕೊಬ್ಬಿಲ್ಲದ ಮೈತೂಕದ ಏರಿಕೆ ಬರೀ 0.1 ಕೆಜಿ. ಅಷ್ಟು ಉಗ್ರವಾಗಿ ನೀವು ಮಾಡಲು ಹೋಗಬೇಡಿ. ಅಲ್ಲಿ ಊಟ ಅಳೆದು ಕೊಡುವವರಿದ್ದರು, ನಾಲ್ಕೇ ವಾರದ ಮಾತು. ನಾನು ಹೇಳುತ್ತಿರುವುದು ಇಷ್ಟೇ, ಎರಡೂ ಒಟ್ಟಿಗೆ ಆಗುತ್ತದೆ.

ಹಾಗಾದರೆ ಎಷ್ಟು ತಿನ್ನಬೇಕು? ಈಗ ತೂಕ ಏರದೆ ಇಳಿಯದೆ ಇರುವಷ್ಟು ತಿನ್ನುವುದರಲ್ಲಿ 300ರಿಂದ 500 ಕ್ಯಾಲೊರಿ ಕಡಿಮೆ ಮಾಡಿ, ಸಾಕು. 80 ಕೆಜಿಗೆ ವಾರಕ್ಕೆ ಅರ್ಧ ಕೆಜಿ ಆಸುಪಾಸು ಇಳಿದರೆ ಚೆನ್ನ. ನಾರ್ವೆಯಲ್ಲಿ ಕ್ರೀಡಾಪಟುಗಳ ಮೇಲೆ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ ಶೇ. 0.7ರಂತೆ ನಿಧಾನವಾಗಿ ತೂಕ ಇಳಿಸಿದವರಿಗೆ ಮಸಲ್ ಸೇರಿತು, ಅದರ ಎರಡರಷ್ಟು ವೇಗದಲ್ಲಿ ಇಳಿಸಿದವರಿಗೆ ಸೇರಲಿಲ್ಲ. ಹತ್ತು ಕೆಜಿ ಎಂಬ ಗುರಿಯನ್ನೇ ಬಿಟ್ಟುಬಿಡಿ. ನಿಮಗೆ ಬೇಡವಾಗಿರೋದು ಹೊಟ್ಟೆ. ಅದನ್ನು ಅಳೆಯಲು ಟೇಪ್ ಸಾಕು.

ಪ್ರೋಟೀನ್ ಬಗ್ಗೆ ನಾನು ಸ್ವಲ್ಪ ಹಟಮಾರಿ. ಪ್ರತಿ ಕೆಜಿಗೆ 1.6 ಗ್ರಾಂಗಿಂತ ಕಡಿಮೆ ಆಗಬಾರದು, 2.2 ದಾಟುವ ಅಗತ್ಯವೂ ಕಾಣಲ್ಲ. ನಿಮಗೆ ದಿನಕ್ಕೆ 130 ಗ್ರಾಂ ಹತ್ತಿರ. ಬೊಜ್ಜು ತುಂಬಾ ಜಾಸ್ತಿ ಇರುವವರು ಈಗಿನ ತೂಕಕ್ಕಲ್ಲ, ಮುಟ್ಟಬೇಕೆಂದಿರುವ ತೂಕಕ್ಕೆ ಲೆಕ್ಕ ಹಾಕಲಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8, ಬೇಯಿಸಿದ 100 ಗ್ರಾಂ ಬೇಳೆಯಲ್ಲಿ 9, ಅಷ್ಟೇ ಬೇಯಿಸಿದ ಕೋಳಿಯ ಎದೆಮಾಂಸದಲ್ಲಿ 30 ಗ್ರಾಂ ಇರುತ್ತದೆ. ಒಂದು ವಾರ ಬರೆದಿಟ್ಟು ನೋಡಿ. ತುಂಬಾ ತಿನ್ನುತ್ತಿದ್ದೇನೆ ಅಂದುಕೊಂಡವರಿಗೂ ಕಡಿಮೆಯೇ ಬಂದಿರುತ್ತದೆ. ಪೌಡರ್ ತಗೊಂಡರೆ ಅನುಕೂಲ, ಬಿಟ್ಟರೆ ನಷ್ಟವೇನಿಲ್ಲ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಜಾಸ್ತಿ ಮಾಡಬೇಡಿ.

ತರಬೇತಿಯಲ್ಲಿ ಹೊಸದೇನೂ ಬೇಡ. ವಾರಕ್ಕೆ ಮೂರು ದಿನ, ಆ ಮೂರೂ ದಿನ ಪೂರ್ತಿ ಮೈ. ಕೂತೇಳುವುದು ಒಂದು, ನೆಲದಿಂದ ಎತ್ತುವುದು ಒಂದು, ತಳ್ಳುವುದು ಒಂದು, ಎಳೆಯುವುದು ಒಂದು. ತಲಾ ಮೂರು ಸೆಟ್ (ಸುತ್ತು), ಪ್ರತಿ ಸೆಟ್‌ಗೆ ಆರರಿಂದ ಹನ್ನೆರಡು ರೆಪ್ಸ್, ಒಂದೆರಡು ರೆಪ್ಸ್ ಉಳಿಸಿ ನಿಲ್ಲಿಸಿ. ಹನ್ನೆರಡು ಬಂದರೆ ಮುಂದಿನ ಸಲ ಚಿಕ್ಕ ಪ್ಲೇಟ್ ಸೇರಿಸಿ. ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಊಟ ಕಡಿಮೆ ಆಗಿ ಸುಸ್ತು ಅನ್ನಿಸಿದರೆ ಮೂರು ಸೆಟ್ ಎರಡಾಗಲಿ, ಬಾರ್ ಮೇಲಿನ ಭಾರ ಇಳಿಯಬಾರದು. ಗಾಯ ಅಥವಾ ಕೀಲುನೋವು ಇದ್ದರೆ ಮಾತು ಬೇರೆ.

ಕಾರ್ಡಿಯೋ? ನಡೆಯಿರಿ, ಎಷ್ಟು ಬೇಕಾದರೂ ನಡೆಯಿರಿ. ಭಾರ ಎತ್ತುವ ಮೊದಲು ಓಡಿ ಕಾಲು ಸುಸ್ತು ಮಾಡಿಕೊಳ್ಳಬೇಡಿ. ಹೊಟ್ಟೆ ಕರಗಲು ಕ್ರಂಚಸ್ (ಮಲಗಿ ತಲೆ, ಭುಜ ಎತ್ತುವ ವ್ಯಾಯಾಮ) ಎಷ್ಟು ಮಾಡಬೇಕು ಎಂದೂ ಕೇಳಿದ್ದೀರಿ. ಕ್ರಂಚಸ್‌ನಿಂದ ಹೊಟ್ಟೆಯ ಮಸಲ್ ಗಟ್ಟಿ ಆಗುತ್ತದೆ, ಮೇಲಿನ ಕೊಬ್ಬಿಗೆ ಅದರ ಪರಿವೆಯೇ ಇರಲ್ಲ. ಕೊಬ್ಬು ಎಲ್ಲಿಂದ ಮೊದಲು ಹೋಗಬೇಕೆಂದು ನಾವು ಹೇಳಿದರೆ ಮೈ ಕೇಳಲ್ಲ. ಗಂಡಸರಲ್ಲಿ ಹೊಟ್ಟೆಯ ಕೆಳಭಾಗದ್ದು ಸಾಮಾನ್ಯವಾಗಿ ಕೊನೆಗೇ ಹೋಗೋದು. ಫ್ಯಾಟ್ ಬರ್ನರ್ ಮಾತ್ರೆ ಬಗ್ಗೆ ನನ್ನನ್ನು ಕೇಳಲೇಬೇಡಿ.

ನಿದ್ದೆಯ ಬಗ್ಗೆ ನೀವು ಏನೂ ಬರೆದಿಲ್ಲ, ಹಾಗಾಗಿ ನನಗೆ ಅನುಮಾನ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಹತ್ತು ಜನಕ್ಕೆ ಒಂದೇ ರೀತಿ ಕಡಿಮೆ ಕ್ಯಾಲೊರಿ ಊಟ ಕೊಟ್ಟು, ಎರಡು ವಾರ ರಾತ್ರಿಗೆ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಿಸಿದರು. ಎರಡು ಸಲವೂ ತೂಕ ಇಳಿದದ್ದು ಸುಮಾರು 3 ಕೆಜಿ. ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕೆಜಿ ಕೊಬ್ಬು, ನಿದ್ದೆಗೆಟ್ಟಾಗ ಬರೀ 0.6. ತೂಕದ ಯಂತ್ರದ ಮೇಲೆ ನಿಂತರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಅದಕ್ಕೇ ಮೂರು ಸಂಖ್ಯೆ ಇಟ್ಟುಕೊಳ್ಳಿ. ಬೆಳಗ್ಗೆ ಎದ್ದ ಮೇಲಿನ ತೂಕದ ವಾರದ ಸರಾಸರಿ, ಹೊಕ್ಕುಳಿನ ಮಟ್ಟದಲ್ಲಿ ಸೊಂಟದ ಸುತ್ತಳತೆ, ನೋಟ್‌ಬುಕ್‌ನಲ್ಲಿರುವ ಭಾರ ಮತ್ತು ರೆಪ್ಸ್. ಇದನ್ನು ಓದುವ ಹೆಣ್ಣುಮಕ್ಕಳು ತಿಂಗಳ ಚಕ್ರದ ನೀರಿನ ಏರಿಳಿತ ನೆನಪಿಟ್ಟು ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಿ. ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರ ನಂಬಬೇಡಿ, ನೀರು ಕುಡಿದಂತೆ ಅದರ ಉತ್ತರ ಬದಲಾಗುತ್ತದೆ.

ತೂಕ ಅಲ್ಲೇ ನಿಂತು, ಸೊಂಟ ಇಳಿದು, ಬಾರ್ ಮೇಲಿನ ಭಾರ ಏರುತ್ತಿದ್ದರೆ ಏನನ್ನೂ ಮುಟ್ಟಬೇಡಿ, ನಿಮಗೆ ಬೇಕಾದದ್ದೇ ನಡೆಯುತ್ತಿದೆ. ಮಸಲ್ ಶಕ್ತಿಗೆಂದು ತಗೊಳ್ಳುವ ಕ್ರಿಯಾಟಿನ್ ಪುಡಿ ದಿನಕ್ಕೆ 3ರಿಂದ 5 ಗ್ರಾಂ ತಗೊಳ್ಳುತ್ತಿದ್ದರೆ ತೂಕ ಸ್ವಲ್ಪ ಏರಿದರೂ ಗಾಬರಿ ಬೇಡ, ಅದು ನೀರು. ಮೂರು ವಾರ ಸೊಂಟ ಅಲುಗಾಡದೆ, ಬಾರ್ ಮೇಲಿನ ಭಾರವೂ ಇಳಿಯದೆ ಇದ್ದರೆ ದಿನಕ್ಕೆ ಇನ್ನೊಂದು 150 ಕ್ಯಾಲೊರಿ ತೆಗೆಯಿರಿ. ಎರಡು ವಾರ ಸತತವಾಗಿ ರೆಪ್ಸ್ ಇಳಿದರೆ ಮೊದಲು ನಿದ್ದೆ ನೋಡಿ, ಆಮೇಲೆ ಪ್ರೋಟೀನ್ ನೋಡಿ, ಎರಡೂ ಸರಿ ಇದ್ದರೆ ಆ 150ನ್ನು ವಾಪಸ್ ತಟ್ಟೆಗೆ ಹಾಕಿಕೊಳ್ಳಿ.